ಸವೆದ ಕಾಸಿನ ಮೇಲಿನ ಆನೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳೇ ಮನೆಗಳಲ್ಲಿ ದೇವರ ಪೆಟ್ಟಿಗೆ ತೆಗೆದರೆ ಒಂದೆರಡು ತಾಮ್ರದ ಕಾಸು ಸಿಗುವುದುಂಟು. ಗುಬ್ಬಿ ಹಿಂದಿನಿಂದಲೂ ಅಡಿಕೆ, ಕೊಬ್ಬರಿ ವ್ಯಾಪಾರದ ಊರು. ಅಂಥ ಸಂತೆಗಳಲ್ಲಿ ಕೈಯಿಂದ ಕೈಗೆ ಓಡಾಡಿ ನುಣುಪಾದ ಕಾಸುಗಳವು. ಒಂದು ಮಗ್ಗುಲಲ್ಲಿ ಆನೆ ಮಸುಕಾಗಿ ಕಂಡರೆ ಸಾಕು, ಟಿಪ್ಪು ಕಾಲದ್ದು ಎಂದು ತೀರ್ಮಾನಿಸಿಬಿಡುತ್ತೇವೆ. ಆದರೆ 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳ ಮೇಲೂ ಆನೆ ಮುಂದುವರಿಯಿತು.

ಎರಡನ್ನೂ ಬೇರ್ಪಡಿಸಲು ಆನೆಯನ್ನಲ್ಲ, ಅದರ ಬೆನ್ನಿನ ಮೇಲಿನ ಜಾಗವನ್ನು ನೋಡಬೇಕು. ಒಡೆಯರ ಕಾಸಿನಲ್ಲಿ ಅಲ್ಲಿ ಸೂರ್ಯ, ಚಂದ್ರ ಇರುತ್ತಾರೆ; ಕೆಲವದರಲ್ಲಿ ಕನ್ನಡದ ಶ್ರೀಕಾರವೂ ಉಂಟು. ಹಿಂಬದಿಯಲ್ಲಿ ಕನ್ನಡ ಅಕ್ಷರಗಳ ಜೊತೆಗೆ ಇಂಗ್ಲಿಷಿನಲ್ಲಿ ಬೆಲೆ ಬರೆದಿರುವ ಕಾಸುಗಳಿವೆ. ಇಪ್ಪತ್ತು ಕಾಸಿನದಾದರೆ ಗುಣಾಕಾರ ಚಿಹ್ನೆಯಂಥ ಎರಡು ರೋಮನ್ ಅಂಕಿ. ಅದರ ಒಂದು ಓರೆಗೆರೆ ಉಳಿದಿದ್ದರೂ ಯಾರ ಕಾಸೆಂದು ಗೊತ್ತಾಗುತ್ತದೆ. ಮುಂದೆ ಆನೆಯ ಜಾಗಕ್ಕೆ ಸಿಂಹ ಬಂತು. 1843ರಲ್ಲಿ ಬೆಂಗಳೂರಿನ ಟಂಕಸಾಲೆಯೇ ಮುಚ್ಚಿತು.

ಟಿಪ್ಪುವಿನ ಕಾಸಿನ ಹಿಂಬದಿಯಲ್ಲಿ ಕನ್ನಡವಿಲ್ಲ. ಪಾರಸಿಯಲ್ಲಿ ಟಂಕಸಾಲೆಯ ಹೆಸರು. ಪಟ್ಟಣ್ ಎಂದಿದ್ದರೆ ಶ್ರೀರಂಗಪಟ್ಟಣ, ನಗರ್ ಎಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಎಂದರೆ ನಮ್ಮ ಪಕ್ಕದ ಚಿತ್ರದುರ್ಗ. ಆನೆ ಕೆಲವದರಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ ಮುಖ ಮಾಡಿದೆ. ಇಸವಿ ಓದುವಾಗ ಎಂಥವರೂ ತಡವರಿಸುತ್ತಾರೆ. ಟಿಪ್ಪು ಮೌಲೂದಿ ಶಕೆಯನ್ನು ತಂದ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ.

ನಾಣ್ಯದಲ್ಲಿ ಉಬ್ಬಿದ ಭಾಗ ಮೊದಲು ಸವೆಯುತ್ತದೆ. ಆನೆಯ ಹೊಟ್ಟೆ, ಹಣೆ ಹೋಗುತ್ತವೆ. ಕಾಲುಗಳ ಸಂದು, ಅಂಚಿನ ಚುಕ್ಕಿಸಾಲು ಉಳಿಯಬಹುದು. ಹಾಗಾಗಿ ನಡುವನ್ನು ಬಿಟ್ಟು ತಗ್ಗಿನಲ್ಲಿ ಹುಡುಕಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾಸಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಕಾಸನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ, ಇಲ್ಲವೆಂದುಕೊಂಡಿದ್ದ ಗೆರೆ ನೆರಳಾಗಿ ಎದ್ದು ನಿಲ್ಲುತ್ತದೆ. ಮೇಲಿಂದ ಬೀಳುವ ಬೆಳಕಿನಲ್ಲಿ ಇದು ಆಗದು.

ಬೆಳ್ಳಿಯಲ್ಲೂ ಒಂದು ಆನೆಯಿದೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ, ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದರು. ಸರ್ಕಾರ ನಾಣ್ಯವನ್ನು ಹಿಂತೆಗೆದು, 1912ರದರಲ್ಲಿ ಸೊಂಡಿಲನ್ನು ಸ್ಪಷ್ಟವಾಗಿ ಕೆತ್ತಿಸಿತು. ಒಂದು ಸೊಂಡಿಲಿನ ವ್ಯತ್ಯಾಸ, ಎರಡು ಬಗೆಯ ರೂಪಾಯಿ.

ಈಗ ನನ್ನ ವಿನಂತಿ. ಹಬ್ಬ ಬಂತೆಂದು ತಾಮ್ರದ ಕಾಸನ್ನು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ನೂರಾರು ಸಂತೆ ಸುತ್ತಿಯೂ ಉಳಿದ ಗೆರೆಯನ್ನು ಆ ಹುಳಿ ಮತ್ತು ಉಜ್ಜಾಟ ಅಳಿಸಿಬಿಡುತ್ತವೆ, ಮತ್ತೆ ಅದನ್ನು ತರಲಾಗದು. ಧೂಳಿದ್ದರೆ ನೀರಲ್ಲಿ ಅದ್ದಿ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒರಸಿ, ಪೂಜೆಗೆ ಹೂವಿಡಿ, ಸಾಕು. ಹೊಲ ಉಳುವಾಗ, ಪಾಯ ತೆಗೆಯುವಾಗ ನಾಣ್ಯದ ಗಂಟು ಸಿಕ್ಕರೆ ಹಂಚಿಕೊಳ್ಳದೆ, ಕರಗಿಸದೆ ತಹಸೀಲ್ದಾರರಿಗೆ ತಿಳಿಸಿ.