ಮಲೆನಾಡಿನ ಬರಕ್ಕೆ ಅಳತೆಗೋಲು



ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಬರದ ಮಾತೆತ್ತಿದರೆ ಬಯಲುಸೀಮೆಯವರು ನಕ್ಕಾರು. ಆದರೆ ಆಯಾ ಊರಿನ ವಾಡಿಕೆಗಿಂತ ಮಳೆ ಎಷ್ಟು ತಗ್ಗಿತು, ಯಾವ ವಾರದಲ್ಲಿ ತಗ್ಗಿತು ಎಂಬುದರಿಂದಲೇ ಬರವನ್ನು ಅಳೆಯಬೇಕು.

ವಾಡಿಕೆಗಿಂತ ಶೇಕಡಾ 20ರಿಂದ 59ರಷ್ಟು ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ‘ಕೊರತೆ’ ಎನ್ನುತ್ತದೆ. ಜುಲೈ ತಿಂಗಳ ನಾಲ್ಕು ದಿನಗಳ ಜಡಿಮಳೆ ಈ ಅಂಕಿಯನ್ನು ಸರಿದೂಗಿಸಿಬಿಡಬಲ್ಲದು. ಆ ನೀರು ಹಳ್ಳ ಸೇರಿ ಹೋಗಿರುತ್ತದೆ; ಆಗಸ್ಟಿನಲ್ಲಿ ಮಕ್ಕಿಗದ್ದೆ ಬಿರಿಯುತ್ತದೆ. ದೇಶದಲ್ಲಿ 1901ರಿಂದ ಅಲ್ಲಿಯವರೆಗಿನ ಅತ್ಯಂತ ಒಣ ಆಗಸ್ಟ್ 2023ರದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು, ಮಲೆನಾಡಿನವೂ ಅದರಲ್ಲಿದ್ದವು.

1993ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ರೂಪುಗೊಂಡ ಪ್ರಮಾಣೀಕೃತ ಮಳೆ ಸೂಚ್ಯಂಕವು ಊರನ್ನು ಅದರದೇ ಹಿಂದಿನ ಮಳೆಯೊಡನೆ ತೂಗುತ್ತದೆ. ಸೊನ್ನೆಯೆಂದರೆ ವಾಡಿಕೆ; ಮೈನಸ್ ಒಂದಕ್ಕಿಳಿದರೆ ಬರ. ಇದಕ್ಕೆ 30 ವರ್ಷಗಳ ದಾಖಲೆಯಾದರೂ ಬೇಕು. ಗುಡ್ಡದ ಈ ಮಗ್ಗುಲಿನ ಮಳೆ ಆ ಮಗ್ಗುಲಿಗಿಲ್ಲದ ನಮ್ಮಲ್ಲಿ ದೂರದ ಮಾಪಕ ನಮ್ಮ ಗದ್ದೆಗೆ ಸಾಕ್ಷಿಯಾಗದು. ಹಳೆಯ ಕಾಫಿ ತೋಟಗಳಲ್ಲಿ ಮಳೆಪುಸ್ತಕಗಳಿವೆ. ರದ್ದಿಗೆ ಹೋಗುವ ಮುನ್ನ ವಿದ್ಯಾರ್ಥಿಗಳು ಅವನ್ನು ನಕಲು ಮಾಡಿಕೊಳ್ಳಲಿ. ಪ್ರತಿ ಬೆಳಿಗ್ಗೆ 8.30ಕ್ಕೆ ಮಾಪಕ ನೋಡಿರಿ. ಮಳೆಯಿಲ್ಲದ ದಿನ ಸೊನ್ನೆಯೆಂದೇ ಬರೆಯಿರಿ, ಖಾಲಿ ಬಿಡಬೇಡಿರಿ.