ಅಡಕೆಯ ಕೊನೆ ಮತ್ತು ಕಾಣದ ಕೈಗಳು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಆಷಾಢದ ಮಳೆ ಬಿಡದೆ ಹಿಡಿದಾಗ ಮಲೆನಾಡಿನ ಅಡಕೆ ಬೆಳೆಗಾರನಿಗೆ ಕೊಳೆರೋಗದ ಚಿಂತೆ ಆರಂಭವಾಗುತ್ತದೆ. ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು: ಶತಮಾನ ಕಳೆದರೂ ತೋಟಗಳನ್ನು ಕಾಯುತ್ತಿರುವುದು ಈ ದ್ರಾವಣವೇ. ಬೆಳೆಗಾರರು ಕೋಲ್ಮನ್ನರನ್ನು ಸ್ಮರಿಸುವುದು ನ್ಯಾಯವೇ ಸರಿ.

ಆದರೆ ದ್ರಾವಣವು ತಾನಾಗಿ ಮರವೇರುವುದಿಲ್ಲ. ಪಾಚಿಗಟ್ಟಿ ಜಾರುವ ಮರವನ್ನು ಏರಿ, ನೆಲದಿಂದ ನಲವತ್ತು ಐವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಮತ್ತೊಂದಕ್ಕೆ ದಾಟುತ್ತ ಔಷಧಿ ಹೊಡೆಯುವವನು ಕೊನೆಗೌಡ. ಕೊಯ್ಲಿನ ದಿನ ಅವನೊಡನೆ ಕೆಳಗೆ ಹಗ್ಗ ಹಿಡಿದು ನಿಲ್ಲುವವರಿದ್ದಾರೆ. ಬೆಟ್ಟದಿಂದ ಸೊಪ್ಪು, ದರಕು ಹೊತ್ತು ತಂದವರಿದ್ದಾರೆ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿದ ಹೆಣ್ಣುಮಕ್ಕಳಿದ್ದಾರೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಇವರೆಲ್ಲರೂ ‘ಕೂಲಿ ಖರ್ಚು’ ಎಂಬ ಒಂದೇ ಸಾಲಿನಲ್ಲಿ ಅಡಗಿಹೋಗುತ್ತಾರೆ.

ಕೂಲಿ ಕೊಟ್ಟ ಮೇಲೆ ಋಣ ತೀರಿತೆಂದು ಭಾವಿಸುವುದು ಸುಲಭ. ದುಡಿಮೆಗೆ ಹಣ ಸಂದಿರಬಹುದು. ಅವನು ಹೊತ್ತ ಅಪಾಯಕ್ಕೆ ಯಾವ ಬೆಲೆ ಸಂದಿತು? ಮರದಿಂದ ಬಿದ್ದು ಸೊಂಟ ಮುರಿದವನ ಮನೆಯಲ್ಲಿ ದುಡಿಮೆ ಅಂದೇ ನಿಲ್ಲುತ್ತದೆ. ಮಕ್ಕಳು ಈ ಕಸುಬಿಗೆ ಬರಲೊಲ್ಲರೆಂದು ದೂರುವವರು ಈ ಭಯವನ್ನೂ ಎಣಿಕೆಗೆ ತರಬೇಕು.

ಕೃತಜ್ಞತೆಯು ಕರುಣೆಯಾಗಿ ಬೆಳೆಯುವುದು ಇಂತಹ ಎಣಿಕೆಯಿಂದಲೇ. ‘ಎಲ್ಲರಿಗೂ ವಂದನೆ’ ಎಂಬ ಮಾತು ಯಾರನ್ನೂ ಮುಟ್ಟುವುದಿಲ್ಲ. ಯಾರು, ಏನು ಮಾಡಿದರು, ಅದಕ್ಕಾಗಿ ಏನನ್ನು ಸಹಿಸಿದರು ಎಂದು ಬಿಡಿಸಿ ನೋಡಿದವನಿಗೆ ಅವರ ನೋವು ತಾನಾಗಿ ಕಾಣುತ್ತದೆ. ಹಾಗೆ ಕಂಡ ಬೆಳೆಗಾರನು ಮಳೆ ಸುರಿಯುವಾಗ ಮರವೇರಲು ಒತ್ತಾಯಿಸನು. ಏರುವ ಹಗ್ಗ ಸವೆದಿದೆಯೇ ಎಂದು ತಾನೇ ನೋಡುವನು. ಅಪಘಾತ ವಿಮೆಯ ಕಂತನ್ನು ತೋಟದ ಖರ್ಚಿನಲ್ಲಿ ಸೇರಿಸುವನು. ನೆಲದಲ್ಲಿಯೇ ನಿಂತು ಸಿಂಪಡಿಸಬಲ್ಲ ಕಾರ್ಬನ್ ಫೈಬರ್ ದೋಟಿಗಳು ಇತ್ತೀಚಿನ ವರ್ಷಗಳಲ್ಲಿ ಬಂದಿವೆ. ಅವನ್ನು ಕೊಳ್ಳುವಾಗ, ಇಷ್ಟು ಕಾಲ ಮರವೇರಿದವನಿಗೇ ಮೊದಲು ತರಬೇತಿ ಕೊಡಿಸುವುದು ಧರ್ಮ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಮನೆಗೆ ಮರಳಿದ ಮೇಲೆ ತಮ್ಮ ಶಾಲೆಯ ಶುಲ್ಕ ಯಾರ ಯಾರ ಕೈಗಳಿಂದ ಹಾದು ಬಂದಿತೆಂದು ಬರೆಯಿರಿ. ಹೆಸರು ತಿಳಿಯದ ಕಡೆ ಜಾಗ ಬಿಡಿ. ಅವರ ಮನೆಗೆ ಹೋಗಿ, ಕುಳಿತು, ಹೆಸರು ಕೇಳಿ ತಿಳಿದು ಆ ಜಾಗವನ್ನು ತುಂಬಿರಿ. ಮಳೆಗಾಲಕ್ಕೆ ಮುನ್ನ ಈ ಕೆಲಸ ಮುಗಿಯಲಿ.