ಜೇಬಿನ ಅಳತೆಗೆ ಪಿಸ್ತೂಲು

ಅಮೆರಿಕದ ಬಂದೂಕಿನ ಮಾತು ನಮ್ಮಲ್ಲಿ ಬಂದಾಗಲೆಲ್ಲ ಅದು ಆ ದೇಶದ ಸಂವಿಧಾನದ ಎರಡನೇ ತಿದ್ದುಪಡಿಯಿಂದ ಶುರುವಾಗಿ, ಶಾಲೆಗಳಲ್ಲಿ ನಡೆಯುವ ಗುಂಡಿನ ದಾಳಿಗಳಿಗೆ ಬಂದು ನಿಲ್ಲುತ್ತದೆ. ಎರಡರ ನಡುವೆ ಇನ್ನೊಂದು ಸಂಗತಿ ಕಣ್ತಪ್ಪಿಹೋಗುತ್ತದೆ. ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿಕೊಂಡು ಓಡಾಡಲು ಪರವಾನಗಿ ಪಡೆದವರು ಅಲ್ಲಿ ಕೋಟಿಗೂ ಮೀರಿ ಇದ್ದಾರೆ. ಬೆಳಿಗ್ಗೆ ಉಡುಪು ತೊಡುವಾಗ ಅವರ ಮುಂದಿರುವುದು ಸಂವಿಧಾನದ ಪ್ರಶ್ನೆಯಲ್ಲ. ಈ ಅಂಗಿಯ ಕೆಳಗೆ ಯಾವ ಅಳತೆಯ ಪಿಸ್ತೂಲು ಉಬ್ಬು ಕಾಣದಂತೆ ಕೂರುತ್ತದೆ, ಸೆಖೆಯ ದಿನ ಕೋಟು ಬಿಚ್ಚಿದರೆ ಏನು ಗತಿ ಎಂಬಂಥ ಪ್ರಶ್ನೆಗಳು. ಕೇಳಲು ಕ್ಷುಲ್ಲಕ ಅನ್ನಿಸಬಹುದು. ಆದರೆ ಇದಕ್ಕೆ ಐನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ನೋಡುತ್ತ ಹೋದರೆ, ಕೈಯಲ್ಲಿ ಹಿಡಿಯುವ ಬಂದೂಕು ಎಷ್ಟು ದೊಡ್ಡದಿರಬೇಕು ಎಂಬುದನ್ನು ಗೊತ್ತುಮಾಡಿದ್ದರಲ್ಲಿ ಬಂದೂಕು ತಯಾರಕರಷ್ಟೇ ದರ್ಜಿಗಳ ಪಾಲೂ ಇದೆ, ಕೆಲವು ಕಾಲಗಳಲ್ಲಿ ಅವರದ್ದೇ ಹೆಚ್ಚು ಎನ್ನಬೇಕಾಗುತ್ತದೆ.

ಮೊದಮೊದಲ ಬಂದೂಕುಗಳನ್ನು ಬಚ್ಚಿಡುವ ಮಾತೇ ಇರಲಿಲ್ಲ. ಅವು ಬತ್ತಿಯ ಬಂದೂಕುಗಳು. ಹೊಗೆಯಾಡುವ ಬತ್ತಿಯ ಕೆಂಡವನ್ನು ಮದ್ದಿಗೆ ತಾಗಿಸಿದರೆ ಮಾತ್ರ ಗುಂಡು ಹಾರುತ್ತಿತ್ತು. ಉರಿಯುವ ಬತ್ತಿಯನ್ನು ನಿಲುವಂಗಿಯೊಳಗೆ ಇಟ್ಟುಕೊಂಡು ಯಾರು ತಾನೇ ನಡೆದಾರು? ಹದಿನಾರನೇ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಚಕ್ರದ ಕೀಲು ಬಂತು. ಸ್ಪ್ರಿಂಗಿನಿಂದ ಬಿಗಿದ ಸಣ್ಣ ಉಕ್ಕಿನ ಚಕ್ರ ಗಿರ್ರನೆ ತಿರುಗಿ ಖನಿಜದ ಚೂರಿಗೆ ಉಜ್ಜಿ ಕಿಡಿ ಹಾರಿಸುತ್ತಿತ್ತು. ಮದ್ದು ತುಂಬಿ, ಕೀಲು ಬಿಗಿದು, ಮೇಲೊಂದು ನಿಲುವಂಗಿ ಹೊದ್ದರೆ ಆಯಿತು. ಅರಸರಿಗೆ ಅಪಾಯ ಬೇಗ ಅರ್ಥವಾಯಿತು. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ 1517-18ರ ಹೊತ್ತಿಗೇ ಇಂಥ ಬಂದೂಕುಗಳಿಗೆ ನಿಷೇಧ ಹಾಕಿದ. ಇಂಗ್ಲೆಂಡಿನಲ್ಲಿ ರಾಣಿ ಎಲಿಜಬೆತ್ 1579ರಲ್ಲಿ ಗಿಡ್ಡ ಪಿಸ್ತೂಲುಗಳ ವಿರುದ್ಧ ಘೋಷಣೆ ಹೊರಡಿಸಿದಳು. ಐದು ವರ್ಷದ ನಂತರ, 1584ರಲ್ಲಿ, ಹಾಲೆಂಡಿನ ವಿಲಿಯಂ ದೊರೆಯನ್ನು ಅವನ ಮನೆಯಲ್ಲೇ ಪಿಸ್ತೂಲಿನಿಂದ ಕೊಂದರು. ರಾಣಿಯ ಭಯ ಸುಳ್ಳಾಗಿರಲಿಲ್ಲ.

ಆಮೇಲೆ ಬಂದದ್ದು ಜೇಬು. ಹದಿನೇಳನೇ ಶತಮಾನದ ಕೊನೆಯಿಂದ ಯುರೋಪಿನ ಗಂಡಸರ ಉದ್ದ ಕೋಟುಗಳಿಗೆ ಅಗಲವಾದ ಜೇಬುಗಳನ್ನು ಸೇರಿಸಿಯೇ ಹೊಲಿಯತೊಡಗಿದರು. ಅದೇ ಕಾಲದಲ್ಲಿ ಕೋಟಿನ ಜೇಬಿಗೆ ಹಿಡಿಸುವ ಪಿಸ್ತೂಲುಗಳೂ ಬಂದವು. ಹೆಂಗಸರ ಜೇಬುಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲಗಳಾಗಿದ್ದವು, ಲಂಗದ ಸೀಳಿನೊಳಗೆ ಕೈಹಾಕಿ ಮುಟ್ಟಬೇಕಿತ್ತು. ಚಳಿಗೆ ಎರಡೂ ಕೈ ತೂರಿಸಿಕೊಳ್ಳುವ ಮಫ್ ಎಂಬ ತುಪ್ಪಳದ ಕೊಳವೆಯೂ ಇತ್ತು, ಅದರೊಳಗೆ ಅಡಗುವಷ್ಟು ಚಿಕ್ಕ ಪಿಸ್ತೂಲುಗಳಿಗೆ ಮಫ್ ಪಿಸ್ತೂಲು ಎಂದೇ ಹೆಸರು ಬಿತ್ತು. ಅಟ್ಲಾಂಟಿಕ್ ದಾಟಿದ ಮೇಲೆ ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಈ ಕುಲವನ್ನು ಪ್ರಖ್ಯಾತಗೊಳಿಸಿದ. ಅವನ ಪಿಸ್ತೂಲಿಗೆ ಗುಂಡು ಒಂದೇ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಗಾತ್ರ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ರಂಗಮಂದಿರದಲ್ಲಿ ಅಬ್ರಹಾಂ ಲಿಂಕನ್ನರ ತಲೆಗೆ ನಟ ಬೂತ್ ಹಾರಿಸಿದ್ದು ಇದರಿಂದಲೇ. ಸೊಗಸಾದ ಉಡುಪಿನಲ್ಲಿದ್ದ ಪ್ರೇಕ್ಷಕರ ನಡುವೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ಶತಮಾನದಲ್ಲಿ ಅಮೆರಿಕದ ಕಾನೂನನ್ನು ಕೆರಳಿಸಿದ್ದು ಬಂದೂಕಿಗಿಂತ ಹೆಚ್ಚಾಗಿ ಅದನ್ನು ಅಡಗಿಸುವ ಗುಣ. ಕೆಂಟಕಿ ಮತ್ತು ಲೂಸಿಯಾನ 1813ರಲ್ಲಿಯೇ ಆಯುಧ ಬಚ್ಚಿಟ್ಟುಕೊಂಡು ತಿರುಗುವುದನ್ನು ಅಪರಾಧವೆಂದವು. ಮರ್ಯಾದಸ್ಥ ಆಯುಧವನ್ನು ತೋರಿಸಿಕೊಂಡೇ ನಡೆಯುತ್ತಾನೆ, ಅಡಗಿಸುವವನು ಕಳ್ಳ ಇಲ್ಲವೇ ಕೊಲೆಗಾರ ಎಂಬುದು ಅಂದಿನ ನಂಬಿಕೆ. ಈ ಭಾವನೆ ನಮಗೆ ಅಪರಿಚಿತವೇನಲ್ಲ: ಕೊಡವರ ಕುಪ್ಪಸದ ಮೇಲೆ ಬಿಗಿಯುವ ಕೆಂಪು ಚೇಲೆಯಲ್ಲಿ ಪೀಚೆಕತ್ತಿ ಎಲ್ಲರಿಗೂ ಕಾಣುವ ಹಾಗೆ, ಉಡುಪಿನ ಅಲಂಕಾರವಾಗಿಯೇ ಇರುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳು ಈ ತರ್ಕವನ್ನು ವಿಚಿತ್ರ ತುದಿಗೆ ಎಳೆದವು. ಆರ್ಕನ್ಸಾ 1881ರಲ್ಲಿ ಮಾಡಿದ ಕಾನೂನಿನ ಪ್ರಕಾರ ಸೈನ್ಯ, ನೌಕಾದಳ ಬಳಸುವಂಥ ದೊಡ್ಡ ರಿವಾಲ್ವರನ್ನು ಮಾತ್ರ ಒಯ್ಯಬಹುದು, ಅದನ್ನೂ ಮುಚ್ಚದೆ ಕೈಯಲ್ಲೇ ಹಿಡಿದಿರಬೇಕು. ಜೇಬಿಗೆ ಹಿಡಿಸುವ ಅಗ್ಗದ ಪಿಸ್ತೂಲು ನಿಷಿದ್ಧ. ದೊಡ್ಡ ರಿವಾಲ್ವರ್ ಕೊಳ್ಳಲಾರದ ಬಡವರು ಮತ್ತು ಗುಲಾಮಗಿರಿಯಿಂದ ಆಗಷ್ಟೇ ಹೊರಬಂದಿದ್ದ ಕಪ್ಪುಜನರು ಬರಿಗೈಯಾಗುವುದೇ ಇಂಥ ಕಾನೂನಿನ ಫಲ ಎಂದು ವಾದಿಸಿದ ಇತಿಹಾಸಕಾರರಿದ್ದಾರೆ. ಅದೇ 1881ರ ಅಕ್ಟೋಬರ್ 26ರಂದು ಅರಿಜೋನಾದ ಟೂಂಬ್‌ಸ್ಟೋನ್ ಊರಲ್ಲಿ ನಡೆದ ಓ.ಕೆ. ಕೊರಾಲ್ ಕಾಳಗ ಸಿನಿಮಾಗಳಿಂದ ಜಗತ್ತಿಗೆಲ್ಲ ಗೊತ್ತು. ತೊಡೆಯ ಮೇಲೆ ಜೋತಾಡುವ ಹೋಲ್‌ಸ್ಟರ್, ಮಿಂಚಿನಂತೆ ಹೊರಬರುವ ರಿವಾಲ್ವರ್ — ಇದು ಪರದೆಯ ಮೇಲಿನ ಚಿತ್ರ. ನಿಜದಲ್ಲಿ, ಊರೊಳಗೆ ಆಯುಧ ಒಯ್ಯಬಾರದೆಂಬ ಕಟ್ಟಳೆ ಅಲ್ಲಿ ಜಾರಿಯಲ್ಲಿತ್ತು. ಕಾಳಗಕ್ಕೆ ಹೋಗುವಾಗ ತನ್ನ ಪಿಸ್ತೂಲು ಓವರ್‌ಕೋಟಿನ ಜೇಬಿನಲ್ಲಿತ್ತೆಂದು ಪೊಲೀಸರ ಕಡೆಯಿಂದ ಕಾದಿದ ವಯಟ್ ಅರ್ಪ್ ಆಮೇಲೆ ಹೇಳಿಕೆ ಕೊಟ್ಟ. ಅವನ ಗೆಳೆಯ ಡಾಕ್ ಹಾಲಿಡೆಯ ಕೈಗೆ ಕೊಟ್ಟ ಶಾಟ್‌ಗನ್ ಅವನ ಉದ್ದ ಕೋಟಿನ ಮರೆಯಲ್ಲಿತ್ತು. ಜನ ಗಾಬರಿಯಾಗಬಾರದಲ್ಲ!

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಪಿಸ್ತೂಲು ಚಿಕ್ಕದಾದದ್ದು ತಂತ್ರಜ್ಞಾನದಿಂದ. ಲೋಹದ ತೋಟಾ, ಹೊಗೆಯಿಲ್ಲದ ಮದ್ದು, ಒಳ್ಳೆಯ ಉಕ್ಕು ಬಂದ ಮೇಲೆ ತಾನಾಗಿ ಕುಗ್ಗಿತು, ಬಟ್ಟೆಗೂ ಅದಕ್ಕೂ ಏನು ಸಂಬಂಧ ಎಂದು. ಇದಕ್ಕೆ ಉತ್ತರ ಒಬ್ಬನೇ ಮನುಷ್ಯನ ಕೆಲಸದಲ್ಲಿ ಸಿಗುತ್ತದೆ. ಯೂಟಾದ ಜಾನ್ ಬ್ರೌನಿಂಗ್ ಆ ಕಾಲದ ಅತಿ ದೊಡ್ಡ ಬಂದೂಕು ವಿನ್ಯಾಸಕ. ಅವನ ವಿನ್ಯಾಸದಲ್ಲಿ ಕೋಲ್ಟ್ ಕಂಪನಿ 1908ರಲ್ಲಿ ಹೊರತಂದ ಪಿಸ್ತೂಲಿನ ಹೆಸರೇ ವೆಸ್ಟ್ ಪಾಕೆಟ್, ಅಂದರೆ ಕೋಟಿನೊಳಗಿನ ವೇಸ್ಟ್‌ಕೋಟಿನ ಜೇಬಿನದು. ಉದ್ದ ಸುಮಾರು ಹನ್ನೊಂದೂವರೆ ಸೆಂಟಿಮೀಟರ್, ತೂಕ 400 ಗ್ರಾಮಿಗೂ ಕಡಿಮೆ. ಮೂರೇ ವರ್ಷದಲ್ಲಿ, 1911ರಲ್ಲಿ, ಅವನದೇ ಇನ್ನೊಂದು ಪಿಸ್ತೂಲನ್ನು ಅಮೆರಿಕದ ಸೈನ್ಯ ಒಪ್ಪಿಕೊಂಡಿತು: ಉದ್ದ 21 ಸೆಂಟಿಮೀಟರ್ ದಾಟುತ್ತದೆ, ತೂಕ ಒಂದು ಕಿಲೋ ಮೀರುತ್ತದೆ. ತಲೆ ಒಂದೇ, ಕಾಲ ಒಂದೇ, ಉಕ್ಕೂ ಮದ್ದೂ ಒಂದೇ. ಒಂದು ಜೇಬಿಗೆ, ಇನ್ನೊಂದು ಸೈನಿಕನ ಸೊಂಟದ ಮೇಲೆ ರಾಜಾರೋಷವಾಗಿ ತೂಗಾಡುವುದಕ್ಕೆ. ತಂತ್ರಜ್ಞಾನ ಸಾಧ್ಯತೆಯನ್ನು ಕೊಟ್ಟಿತು, ಬೇಡಿಕೆ ಬಂದದ್ದು ಬಟ್ಟೆಯಿಂದ. ಇನ್ನೂ ಬೇಕಾದರೆ ಕೋಲ್ಟ್‌ನ 1903ರ ಮಾದರಿಯನ್ನು ನೋಡಿ. ಅದರ ಸುತ್ತಿಗೆಯನ್ನು ಹೊರಗೆ ಕಾಣದಂತೆ ಒಳಗೇ ಅಡಗಿಸಿದ್ದರು. ಗುಂಡಿನ ವೇಗಕ್ಕಾಗಲಿ ಗುರಿಗಾಗಲಿ ಅದರಿಂದ ಮೂರು ಕಾಸಿನ ಲಾಭವಿಲ್ಲ. ಹೊರತೆಗೆಯುವಾಗ ಜೇಬಿನ ಅಸ್ತರಿಗೆ ಸಿಕ್ಕಿಕೊಳ್ಳಬಾರದು, ಅಷ್ಟೆ. 1927ರ ಡಿಟೆಕ್ಟಿವ್ ಸ್ಪೆಷಲ್ ಎಂಬ ಎರಡಂಗುಲ ನಳಿಗೆಯ ರಿವಾಲ್ವರ್ ಸಾದಾ ಉಡುಪಿನ ಪತ್ತೇದಾರನ ಸೂಟಿಗೆಂದೇ ಬಂದದ್ದು. ಸಮವಸ್ತ್ರದ ಪೊಲೀಸನ ಬೆಲ್ಟಿನಲ್ಲಿ ನಾಲ್ಕಂಗುಲದ್ದು ಹಾಗೇ ಉಳಿಯಿತು.

ಈಗಿನ ಅಧ್ಯಾಯ ಶುರುವಾಗುವುದು 1987ರಲ್ಲಿ, ಫ್ಲಾರಿಡಾದಲ್ಲಿ. ನಿಗದಿತ ಅರ್ಹತೆ ಇದ್ದವರಿಗೆಲ್ಲ ಪರವಾನಗಿ ಕೊಡಲೇಬೇಕೆಂದು ಆ ರಾಜ್ಯ ಕಾನೂನು ಮಾಡಿತು, ಒಂದೊಂದಾಗಿ ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಫ್ಲಾರಿಡಾದ ಬೇಸಿಗೆ ನಮ್ಮ ಮಂಗಳೂರಿನ ಬೇಸಿಗೆಗೆ ಕಡಿಮೆಯಿಲ್ಲ. ವೇಸ್ಟ್‌ಕೋಟು, ಓವರ್‌ಕೋಟುಗಳ ಕಾಲ ಹೋಗಿ ಟೀ ಶರ್ಟು, ಚಡ್ಡಿಗಳ ಕಾಲ ಬಂದಿತ್ತು. ಇಲ್ಲಿ ಎರಡನೇ ಆಕ್ಷೇಪ: ಸಣ್ಣ ಪಿಸ್ತೂಲನ್ನು ಹುಟ್ಟಿಸಿದ್ದು ಹವೆಯಲ್ಲ, 1994ರ ಕೇಂದ್ರ ಕಾನೂನು; ಅದು ಹತ್ತಕ್ಕಿಂತ ಹೆಚ್ಚು ತೋಟಾ ಹಿಡಿಯುವ ಹೊಸ ಮ್ಯಾಗಜಿನ್‌ಗಳನ್ನು ಸಾಮಾನ್ಯರಿಗೆ ಮಾರಬಾರದೆಂದಾಗ, ಹತ್ತೇ ತೋಟಾಕ್ಕೆ ದೊಡ್ಡ ಪಿಸ್ತೂಲು ಯಾಕೆಂದು ಕಂಪನಿಗಳು ಗಾತ್ರ ಕತ್ತರಿಸಿದವು. ಇದರಲ್ಲಿ ನಿಜವಿದೆ. ಗ್ಲಾಕ್ ಕಂಪನಿಯ ಗಿಡ್ಡ ಪಿಸ್ತೂಲು ಮರುವರ್ಷವೇ ಬಂತು. ಆದರೆ ಆ ನಿಷೇಧ 2004ರಲ್ಲಿ ಮುಗಿದುಹೋಯಿತು. ಅದೊಂದೇ ಕಾರಣವಾಗಿದ್ದರೆ ಪಿಸ್ತೂಲುಗಳು ಮತ್ತೆ ದಪ್ಪಗಾಗಬೇಕಿತ್ತು. ಆದದ್ದು ತಿರುಗುಮುರುಗು. 2008ರಲ್ಲಿ ರೂಗರ್ ಕಂಪನಿ 300 ಗ್ರಾಮಿಗಿಂತ ಹಗುರವಾದುದನ್ನು ತಂದಿತು, 2018ರಲ್ಲಿ ಸಿಗ್ ಸೌವರ್ ಕಂಪನಿ ಸುಮಾರು ಒಂದಂಗುಲ ದಪ್ಪದ ಪಿಸ್ತೂಲಿನಲ್ಲಿ ಹತ್ತು ತೋಟಾ ತುಂಬಿ ಮಾರುಕಟ್ಟೆಯನ್ನೇ ಅಲ್ಲಾಡಿಸಿತು.

ಯಾವ ಅಂಗ ಅಡಗುತ್ತದೆ, ಯಾವುದು ಅಡಗದು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಳಿಗೆ ಉದ್ದವಿದ್ದರೆ ಕಷ್ಟ ಎಂದು ಎಲ್ಲರೂ ಎಣಿಸುತ್ತಾರೆ. ಪಿಸ್ತೂಲನ್ನು ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಇಳಿಬಿಟ್ಟರೆ ನಳಿಗೆ ತೊಡೆಯ ಕಡೆಗೆ ಹೋಗಿ ಕಾಣೆಯಾಗುತ್ತದೆ. ಬೆಲ್ಟಿನ ಮೇಲೆ ಉಳಿಯುವುದು ಹಿಡಿ. ಮನುಷ್ಯ ಬಗ್ಗಿದಾಗ ಅಂಗಿಯನ್ನು ಹಿಂದಿನಿಂದ ಚೂಪಾಗಿ ಎತ್ತುವುದು ಆ ಹಿಡಿಯ ತುದಿಯೇ. ಹಾಗಾಗಿ ಕತ್ತರಿ ಬೀಳುವುದು ಹಿಡಿಗೆ. ಹಿಡಿ ಗಿಡ್ಡವಾದರೆ ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ, ತೋಟಾ ಕಡಿಮೆಯಾಗುತ್ತದೆ, ಹಗುರ ಪಿಸ್ತೂಲು ಹಿಂದಕ್ಕೆ ಒದೆಯುವುದು ಜೋರಾಗುತ್ತದೆ, ಗುರಿ ತಪ್ಪುತ್ತದೆ. ಅಡಗಿಸಲು ಸುಲಭವಾದದ್ದನ್ನು ಹಾರಿಸುವುದು ಕಷ್ಟ. ಈ ಕೊಡುಕೊಳ್ಳುವಿಕೆಗೆ ಇಂದಿಗೂ ಪರಿಹಾರ ಸಿಕ್ಕಿಲ್ಲ.

ಅಮೆರಿಕದ ಬಂದೂಕು ತರಬೇತುದಾರರಲ್ಲಿ ಅನೇಕರು ಬಟ್ಟೆಗೆ ತಕ್ಕಂತೆ ಪಿಸ್ತೂಲನ್ನು ಕುಗ್ಗಿಸುವುದನ್ನು ಒಪ್ಪುವುದಿಲ್ಲ. ಸರಿಯಾದ ಪಿಸ್ತೂಲನ್ನು ಮೊದಲು ಆರಿಸಿ, ಬಟ್ಟೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ ಎನ್ನುತ್ತಾರೆ: ಒಂದಳತೆ ದೊಡ್ಡ ಪ್ಯಾಂಟು, ಗಟ್ಟಿ ಬೆಲ್ಟು, ಉಬ್ಬು ಕಾಣದಂತೆ ಕಣ್ಣು ತಪ್ಪಿಸುವ ಚಿತ್ತಾರದ ಸಡಿಲ ಅಂಗಿ. ಸಲಹೆಯೇನೋ ಸರಿ. ಆದರೆ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸಲೇಬೇಕಾದ ಕಚೇರಿಯ ನೌಕರನಿಗೆ, ಮೈಗಂಟುವ ಉಡುಪಿನ ಹೆಣ್ಣಿಗೆ ಅದು ನಡೆಯುವ ಮಾತಲ್ಲ. ಹೆಂಗಸರ ಉಡುಪಿಗೆ ಸರಿಯಾದ ಜೇಬು ಇಲ್ಲದಿರುವುದು ಹದಿನೆಂಟನೇ ಶತಮಾನದ ಕೊನೆಯಿಂದ ನಡೆದುಬಂದ ಅನ್ಯಾಯ. ಲಂಗ ಕಿರಿದಾಗಿ ಸೊಂಟದ ಚೀಲ ಮಾಯವಾದ ಮೇಲೆ ಅವರ ಕೈಗೆ ಪರ್ಸು ಬಂತು, ಪಿಸ್ತೂಲೂ ಅದರೊಳಗೆ ಹೋಯಿತು. ಪರ್ಸನ್ನು ಕೆಳಗಿಡುತ್ತಾರೆ, ಮರೆಯುತ್ತಾರೆ. 2014ರ ಡಿಸೆಂಬರ್ ಕೊನೆಯಲ್ಲಿ ಐಡಾಹೋದ ಅಂಗಡಿಯೊಂದರಲ್ಲಿ, ಪಿಸ್ತೂಲಿಗೆಂದೇ ಜಿಪ್ಪಿನ ಅರೆಯಿದ್ದ ಪರ್ಸಿನೊಳಗೆ ಎರಡು ವರ್ಷದ ಮಗು ಕೈಹಾಕಿತು. ಸತ್ತದ್ದು ಅದರ ತಾಯಿ. ಗಂಡಸರೂ ಇದಕ್ಕೆ ಹೊರತಲ್ಲ. ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ 2008ರ ನವೆಂಬರಿನಲ್ಲಿ ನ್ಯೂಯಾರ್ಕಿನ ನೈಟ್‌ಕ್ಲಬ್ಬಿಗೆ ಹೋದದ್ದು ಇಲಾಸ್ಟಿಕ್ ಸೊಂಟದ ಸಡಿಲ ಪ್ಯಾಂಟಿನಲ್ಲಿ, ಅದರೊಳಗೆ ಸಿಕ್ಕಿಸಿಕೊಂಡ ಪಿಸ್ತೂಲಿನೊಂದಿಗೆ. ಅದು ಜಾರಿತು, ಹಿಡಿಯಹೋದ, ಗುಂಡು ಅವನ ತೊಡೆಗೇ ಹೊಕ್ಕಿತು. ಪರವಾನಗಿ ಇಲ್ಲದ್ದಕ್ಕೆ ಎರಡು ವರ್ಷದ ಸಜೆಯಾಯಿತು. ಪಿಸ್ತೂಲನ್ನು ಮೊದಲು ಆರಿಸಿ ಬಟ್ಟೆಯನ್ನು ಆಮೇಲೆ ಹೊಂದಿಸುವ ತಾಳ್ಮೆ ಎಲ್ಲರಿಗೂ ದಿನಾಲೂ ಇರುವುದಿಲ್ಲ.

ಕೊನೆಗೆ, ಕಾನೂನು ಬಚ್ಚಿಡಿ ಎಂದಿದ್ದಕ್ಕೇ ಜನ ಬಚ್ಚಿಡುತ್ತಾರೆ, ಅದಿಲ್ಲದಿದ್ದರೆ ಗಾತ್ರದ ಚಿಂತೆಯೇ ಇರದು ಎನ್ನುವವರಿಗೂ ಒಂದು ಮಾತು. ಟೆಕ್ಸಸ್ ರಾಜ್ಯ 2016ರ ಜನವರಿಯಿಂದ ಪರವಾನಗಿದಾರರು ಪಿಸ್ತೂಲನ್ನು ಹೋಲ್‌ಸ್ಟರಿನಲ್ಲಿ ಬಹಿರಂಗವಾಗಿ ಧರಿಸಲು ಬಿಟ್ಟಿತು. ಸಣ್ಣ ಪಿಸ್ತೂಲಿನ ವ್ಯಾಪಾರ ಅದರಿಂದ ಬಿದ್ದುಹೋಗಲಿಲ್ಲ. ಡಲ್ಲಾಸ್, ಹ್ಯೂಸ್ಟನ್ನುಗಳಲ್ಲಿರುವ ನಮ್ಮ ಕನ್ನಡಿಗರು ಅಂಗಡಿಯ ಬಾಗಿಲಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ದಪ್ಪಕ್ಷರದ ಫಲಕಗಳನ್ನು ನೋಡಿರುತ್ತಾರೆ. 30.06 ಎಂದಿದ್ದರೆ ಬಚ್ಚಿಟ್ಟ ಪಿಸ್ತೂಲಿಗೆ ತಡೆ, 30.07 ಎಂದಿದ್ದರೆ ತೋರಿಸುವ ಪಿಸ್ತೂಲಿಗೆ ತಡೆ. 2019ರ ಆಗಸ್ಟಿನಲ್ಲಿ ಎಲ್ ಪಾಸೊ ನಗರದ ವಾಲ್‌ಮಾರ್ಟ್ ಮಳಿಗೆಯಲ್ಲಿ ಹತ್ಯಾಕಾಂಡ ನಡೆಯಿತು. ತಿಂಗಳ ನಂತರ, ಸೆಪ್ಟೆಂಬರ್ 3ರಂದು, ಆ ಕಂಪನಿ ತನ್ನ ಗಿರಾಕಿಗಳಲ್ಲಿ ಒಂದು ವಿನಂತಿ ಮಾಡಿತು: ಬಂದೂಕನ್ನು ಕಾಣುವಂತೆ ಧರಿಸಿ ಒಳಗೆ ಬರಬೇಡಿ. ಪರವಾನಗಿ ಪಡೆದು ಅಂಗಿಯ ಕೆಳಗೆ ಇಟ್ಟುಕೊಂಡವರ ಮಟ್ಟಿಗೆ ನಿಯಮ ಮೊದಲಿನಂತೆಯೇ ಇತ್ತು.